ಮಕ್ಕಳಿಗಾಗಿ 10 ನಿಮಿಷದ ಸಾಕ್ಷ್ಯಚಿತ್ರ: ದುಡ್ಡು ಎಲ್ಲಿ ಕೇಳಬೇಕು?

ಮಂಡಕ್ಕಿ_ಭಟ್ಟಿ (ದಾವಣಗೆರೆ):
ಎಲ್ಲರಿಗೂ ನಮಸ್ಕಾರ. 8ರಿಂದ 11 ವರ್ಷದ ಮಕ್ಕಳಿಗೆ ನಮ್ಮೂರ ಮಂಡಕ್ಕಿ ಭಟ್ಟಿ ಬಗ್ಗೆ 10 ನಿಮಿಷದ ಸಾಕ್ಷ್ಯಚಿತ್ರ ಮಾಡಬೇಕು ಅಂತಿದೀನಿ. ಭತ್ತ ನೆನೆಹಾಕೋದರಿಂದ ಹಿಡಿದು ಬಿಸಿ ಮರಳಲ್ಲಿ ಅಕ್ಕಿ ಅರಳೋವರೆಗೂ 10 ವರ್ಷದ ಹುಡುಗಿಯೊಬ್ಬಳು ಪ್ರಶ್ನೆ ಕೇಳ್ತಾ ಹೋಗ್ತಾಳೆ. ನನ್ನ ಮೊದಲ ಚಿತ್ರ, ಬೆನ್ನಿಗೆ ಸಂಸ್ಥೆ ಯಾವುದೂ ಇಲ್ಲ. ಅಂದಾಜು 3 ಲಕ್ಷ: ಕ್ಯಾಮೆರಾ, ಡ್ರೋನ್ 1.6 ಲಕ್ಷ, ಎಡಿಟಿಂಗ್ 60 ಸಾವಿರ, ಸಂಗೀತ 40, ಓಡಾಟ, ಊಟ 40. ಸರ್ಕಾರದ ಸಬ್ಸಿಡಿ ಸಿಗುತ್ತಾ? ಸಿಎಸ್‌ಆರ್ ಹಣ (ಕಾನೂನಿನ ಪ್ರಕಾರ ದೊಡ್ಡ ಕಂಪನಿಗಳು ಸಮಾಜಕ್ಕೆ ಖರ್ಚು ಮಾಡಬೇಕಾದ ಹಣ) ಕೇಳಬಹುದಾ?

ಪರದೆ_ಹಿಂದೆ:
ಸಬ್ಸಿಡಿ ಆಸೆ ಬಿಡಿ. ರಾಜ್ಯದ ಮಕ್ಕಳ ಚಿತ್ರದ ಸಬ್ಸಿಡಿ ಇರೋದು ಪೂರ್ಣಾವಧಿ ಕಥಾಚಿತ್ರಗಳಿಗೆ, ಅದೂ ಚಿತ್ರ ಮುಗಿದು ಸೆನ್ಸಾರ್ ಆದಮೇಲೆ. ಕೈಯಿಂದ ಹಾಕಿದವರಿಗೆ ಹಿಂದಿರುಗೋ ಹಣ ಅದು, ಚಿತ್ರ ಶುರು ಮಾಡಿಸೋ ಹಣ ಅಲ್ಲ. ಇನ್ನು ಅಂತರ್ಜಾಲದ ಹಳೇ ಪಟ್ಟಿಗಳಲ್ಲಿ ಚಿಲ್ಡ್ರನ್ಸ್ ಫಿಲ್ಮ್ ಸೊಸೈಟಿಗೆ ಬರೆಯಿರಿ ಅಂತ ಈಗಲೂ ಇರುತ್ತೆ. 1955ರ ಆ ಸಂಸ್ಥೆ 2022ರಲ್ಲಿ ಎನ್‌ಎಫ್‌ಡಿಸಿಯೊಳಗೆ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ವಿಲೀನವಾಯ್ತು. ಹಳೇ ವಿಳಾಸ, ಹಳೇ ಅರ್ಜಿ ನಮೂನೆ ನಂಬಬೇಡಿ.

ನಿಮಗೆ ಹೊಂದೋದು ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್. ಅರ್ಜಿ ಕನ್ನಡದಲ್ಲೇ ಬರೆಯಬಹುದು. ಅವರ ಕಲಾ ಶಿಕ್ಷಣ ವಿಭಾಗ ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರು, ಶಾಲೆಯ ಜೊತೆ ಕೆಲಸ ಮಾಡೋ ಕಲಾವಿದರಿಗೆ ನೆರವು ಕೊಡುತ್ತೆ. ಆದರೆ ‘ಚಿತ್ರ ಮಾಡ್ತೀನಿ, ಹಣ ಕೊಡಿ’ ಅಂದರೆ ಅಲ್ಲಿ ನಡೆಯಲ್ಲ. ಭಟ್ಟಿ ಪಕ್ಕದ ಒಂದು ಸರ್ಕಾರಿ ಶಾಲೆ ಹಿಡೀರಿ. ಮಕ್ಕಳೇ ಪ್ರಶ್ನೆ ತಯಾರಿಸೋದು, ಭಟ್ಟಿಯ ಶಬ್ದ ಸಂಗ್ರಹಿಸೋದು, ಒರಟು ಎಡಿಟ್ ನೋಡಿ ತಕರಾರು ಹೇಳೋದು, ಇವೆಲ್ಲ ಯೋಜನೆಯೊಳಗೇ ಇರಬೇಕು.

ಸಿಎಸ್‌ಆರ್ ಬಗ್ಗೆ: ವ್ಯಕ್ತಿಯ ಖಾತೆಗೆ ಆ ಹಣ ಬರಲ್ಲ. ಕಂಪನಿ ವ್ಯವಹಾರ ಸಚಿವಾಲಯದ ಸಿಎಸ್‌ಆರ್-1 ನೋಂದಣಿ, ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಇರೋ ಟ್ರಸ್ಟ್ ಮೂಲಕ ಬರಬೇಕು. ವರ್ಷಕ್ಕೆ ನಿವ್ವಳ ಲಾಭ 5 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಮೌಲ್ಯ 500 ಕೋಟಿ, ಇವುಗಳಲ್ಲಿ ಒಂದಾದರೂ ದಾಟಿದ ಕಂಪನಿಗೆ ಮಾತ್ರ ಈ ಕಾನೂನು. ಊರಿನ ರೈಸ್ ಮಿಲ್ಲಿನವರು 20 ಸಾವಿರ ಕೊಟ್ಟರೆ ಅದು ದೇಣಿಗೆ ಅಥವಾ ಜಾಹೀರಾತು. ತಗೊಳ್ಳಿ, ತಪ್ಪೇನಿಲ್ಲ, ಆದರೆ ಚಿತ್ರದೊಳಗೆ ಅವರ ಬೋರ್ಡ್ ತೋರಿಸ್ತೀನಿ ಅಂತ ಒಪ್ಪಿಕೊಂಡರೆ ಮುಂದೆ ಶಾಲೆ ಬಾಗಿಲು ತೆರೆಯೋದು ಕಷ್ಟ. ಟ್ರಸ್ಟ್ ಜೊತೆ ಒಪ್ಪಂದ ಬರೆಯುವಾಗ ಹಕ್ಕುಸ್ವಾಮ್ಯ ನಿಮ್ಮ ಹೆಸರಲ್ಲಿರಲಿ, ಶಾಲೆಗಳಲ್ಲಿ ತೋರಿಸೋ ಹಕ್ಕು ಅವರಿಗಿರಲಿ. ಈ ಸಾಲು ಬಿಟ್ಟುಹೋದರೆ ಚಿತ್ರೋತ್ಸವಕ್ಕೆ ಕಳಿಸೋಕೂ ಅವರ ಪತ್ರ ಬೇಕಾಗುತ್ತೆ.

ನಿಮ್ಮ ಅಂದಾಜಿನಲ್ಲಿ ಮಕ್ಕಳಿಗೆ ತೋರಿಸೋ ಖರ್ಚು ಸೊನ್ನೆ. ಹಣ ಕೊಡೋರು ಮೊದಲು ನೋಡೋದೇ ಅದನ್ನ. ಶಿಕ್ಷಣಕ್ಕೆ ಅಂತ ಹಣ ಇಟ್ಟವರಿಗೆ ಚಿತ್ರ ಬರೀ ಸಾಧನ. ಎಷ್ಟು ಶಾಲೆ, ಯಾವ ತರಗತಿ, ನೋಡಿದಮೇಲೆ ಮಕ್ಕಳು ಏನು ಮಾಡ್ತಾರೆ, ಇದೇ ಅವರ ಪ್ರಶ್ನೆ. 20 ಶಾಲೆಗಳ ಪಟ್ಟಿ ಮಾಡಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅನುಮತಿ ಪತ್ರ ಲಗತ್ತಿಸಿ.

ಲೆಕ್ಕದ_ಪುಸ್ತಕ:
ಡ್ರೋನ್ ತೆಗೆದುಹಾಕಿ. ಭಟ್ಟಿಯ ಕೆಲಸ ನಡೆಯೋದು ಸೂರಿನ ಕೆಳಗೆ. ಮೇಲಿಂದ ತಗಡು, ಹೊಗೆ ಬಿಟ್ಟರೆ ಏನು ಕಾಣುತ್ತೆ? ಮಂಡಕ್ಕಿ ಅರಳೋ ಕ್ಷಣ ಹತ್ತಿರದಿಂದ ಬೇಕು, ಅದಕ್ಕೆ ಮ್ಯಾಕ್ರೋ ಲೆನ್ಸ್ ಬಾಡಿಗೆ ಸಾಕು. ಒಳಗೆ ಲೆನ್ಸ್ ಬದಲಾಯಿಸಬೇಡಿ, ಬೂದಿ ಸೀದಾ ಕ್ಯಾಮೆರಾದ ಸೆನ್ಸರ್ ಮೇಲೆ ಕೂರುತ್ತೆ.

ಮದುವೆ ವಿಡಿಯೋದವರ ಹತ್ತಿರ ಒಳ್ಳೇ ಕ್ಯಾಮೆರಾಗಳಿವೆ. ಆಷಾಢ, ಧನುರ್ಮಾಸದಲ್ಲಿ ಮದುವೆ ಇಲ್ಲ, ಬಾಡಿಗೆ ಚೌಕಾಸಿ ಮಾಡಬಹುದು. ಆಷಾಢದಲ್ಲಿ ಮೋಡ, ಭತ್ತ ಒಣಗಿಸೋ ದೃಶ್ಯ ಕೈಕೊಡುತ್ತೆ. ಹಾಗಾಗಿ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗಿನ ಸಮಯ ಹಿಡೀರಿ. ಬಿಸಿಲೂ ಇರುತ್ತೆ, ಶಾಲೆಯೂ ನಡೀತಿರುತ್ತೆ.

ಶಬ್ದಕ್ಕೆ ನೀವು ಒಂದು ರೂಪಾಯಿ ಇಟ್ಟಿಲ್ಲ. ಯಂತ್ರದ ಸದ್ದಲ್ಲಿ ಕ್ಯಾಮೆರಾ ಮೈಕ್‌ಗೆ ಹುಡುಗಿಯ ಮಾತು ಸಿಗಲ್ಲ, ಮಾತು ಕೇಳದಿದ್ದರೆ ಮಕ್ಕಳು ಎರಡೇ ನಿಮಿಷಕ್ಕೆ ಪಕ್ಕದವರ ಜೊತೆ ಹರಟೆ ಶುರು ಮಾಡ್ತಾರೆ. ನನ್ನ ಅಂದಾಜು, 4 ದಿನದ ಶೂಟಿಂಗ್‌ಗೆ: ಕ್ಯಾಮೆರಾ ಮತ್ತು ಆಪರೇಟರ್ 60 ಸಾವಿರ, ಬಟ್ಟೆಗೆ ಸಿಕ್ಕಿಸೋ ಲ್ಯಾಪೆಲ್ ಮೈಕ್, ರೆಕಾರ್ಡರ್ ಸಮೇತ ಶಬ್ದದವರು 24, ಎಡಿಟಿಂಗ್ 40, ಶಬ್ದದ ಮಿಕ್ಸಿಂಗ್ 15, ದೃಶ್ಯಗಳ ಬಣ್ಣ ಹೊಂದಿಸೋದು 10, ಸಂಗೀತ 20, ಓಡಾಟ, ಊಟ 20, ಸಂಶೋಧನೆ 15, ಉಪಶೀರ್ಷಿಕೆ 6, ಶಾಲಾ ಪ್ರದರ್ಶನ 20. ಒಟ್ಟು 2,30,000. ಅದರ ಮೇಲೆ ಶೇ 10 ಅನಿರೀಕ್ಷಿತ ಖರ್ಚು ಸೇರಿಸಿದರೆ 2,53,000. ನಿಮ್ಮ ಸಂಬಳವನ್ನೂ ಒಂದು ಸಾಲಾಗಿ ಬರೀರಿ, ಬೇಕಾದರೆ ‘ನಿರ್ದೇಶಕರ ಕೊಡುಗೆ’ ಅಂತ ಅದನ್ನೇ ಕಳೆಯಿರಿ. ಖಾಲಿ ಬಿಟ್ಟರೆ ಲೆಕ್ಕ ಗೊತ್ತಿಲ್ಲದವರು ಅನ್ಕೋತಾರೆ.

ಕೋಟೆ_ಬಾಗಿಲು (ಚಿತ್ರದುರ್ಗ):
ಹುಡುಗಿ ಇದ್ದಾಳೆ ಅಂದಮೇಲೆ ಬಾಲಕಾರ್ಮಿಕ ನಿಯಮಗಳನ್ನು ಓದಿಕೊಳ್ಳಿ. 2017ರ ತಿದ್ದುಪಡಿ ಪ್ರಕಾರ ಬಾಲ ಕಲಾವಿದರಿಗೆ ದಿನಕ್ಕೆ 5 ಗಂಟೆ ಮಿತಿ, ವಿರಾಮವಿಲ್ಲದೆ 3 ಗಂಟೆ ಮೀರುವಂತಿಲ್ಲ, ಜಿಲ್ಲಾಧಿಕಾರಿಗಳ ಅನುಮತಿ ಬೇಕು, ಗಳಿಕೆಯ ಕನಿಷ್ಠ ಶೇ 20 ಮಗುವಿನ ಹೆಸರಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ಠೇವಣಿಗೆ ಹೋಗಬೇಕು. ಸಾಕ್ಷ್ಯಚಿತ್ರ ತಾನೇ ಅಂತ ಉಡಾಫೆ ಬೇಡ. ತಂದೆ ತಾಯಿಯ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಯೂಟ್ಯೂಬ್, ಶಾಲೆ, ಚಿತ್ರೋತ್ಸವ ಮೂರನ್ನೂ ಹೆಸರಿಸಿ.

ಇನ್ನೊಂದು, ಅವಳ ಕೈಗೆ ಸೌಟು ಕೊಟ್ಟು ಒಲೆ ಮುಂದೆ ನಿಲ್ಲಿಸಬೇಡಿ. ನಿಮಗದು ಚೆಂದದ ಶಾಟ್, ಅರ್ಜಿ ಓದೋರಿಗೆ ಭಟ್ಟಿಯಲ್ಲಿ ದುಡಿಯೋ ಮಗು. ಭಟ್ಟಿ ಮಾಲೀಕರಿಗೂ ತೊಂದರೆ.

ಮಂಡಕ್ಕಿ_ಭಟ್ಟಿ:
ಇಷ್ಟೊಂದು ವಿವರ! ಡ್ರೋನ್ ಕೈಬಿಟ್ಟೆ. ಅಮೆರಿಕದಲ್ಲಿರೋ ಕನ್ನಡಿಗರ ಹತ್ತಿರ ಕ್ರೌಡ್‌ಫಂಡಿಂಗ್ (ಹಲವರಿಂದ ಸ್ವಲ್ಪ ಸ್ವಲ್ಪ ಹಣ ಕೂಡಿಸೋದು) ಮಾಡಬಹುದಾ?

ಪರದೆ_ಹಿಂದೆ:
ಭಾರತದ ಪಾಸ್‌ಪೋರ್ಟ್ ಇರೋರು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ಪಡೆದವರ ಹಣ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ವ್ಯಾಪ್ತಿಗೆ ಬರುತ್ತೆ. ಎಫ್‌ಸಿಆರ್‌ಎ ನೋಂದಣಿ ಇರೋ ಟ್ರಸ್ಟ್ ಕೂಡ 2020ರ ತಿದ್ದುಪಡಿ ನಂತರ ಆ ಹಣವನ್ನು ನಿಮಗೆ ದಾಟಿಸುವಂತಿಲ್ಲ. ದೇಣಿಗೆ ಪುಟದಲ್ಲೇ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿ, ಅನುಮಾನ ಬಂದರೆ ವಾಪಸ್ ಮಾಡಿ. ಮೊದಲು 2 ನಿಮಿಷದ ಮಾದರಿ ತುಣುಕು ಮೊಬೈಲಲ್ಲೇ ತೆಗೀರಿ. ಅದಿಲ್ಲದೆ ಹೊಸಬರ ಅರ್ಜಿಯನ್ನು ಯಾರೂ ಪೂರ್ತಿ ಓದಲ್ಲ.