ಡಿಪ್ರೆಶನ್ ಕೇಸು, ಡಿಸೆಬಿಲಿಟಿ ಪೆನ್ಷನ್ ರಿಜೆಕ್ಟ್: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ವಕೀಲ್ ಸರ್ ಎರಡು ಗಂಟೆ ಇರ್ತಾರೆ, ಫೌಜಿನಲ್ಲೇ ಇದ್ದು ಆಮೇಲೆ ಕರಿಕೋಟು ಹಾಕ್ದೋರು, ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್ ಕೇಸು ನಡೆಸ್ತಾರೆ. ಡಿಪ್ರೆಶನ್, ಆಂಗ್ಸೈಟಿ, ಪಿಟಿಎಸ್‌ಡಿ (ಆಘಾತದಿಂದ ಬರೋ ಮನಸ್ಸಿನ ಕಾಯಿಲೆ) ಅಂತ ಮೆಡಿಕಲ್ ಬೋರ್ಡ್ ಆದವ್ರು ಮಾತ್ರ ಕೇಳಿ. ಆರ್ಮಿ ನಂಬರ್, ಆಸ್ಪತ್ರೆ ಹೆಸ್ರು ಹಾಕ್ಬೇಡಿ.

ಸಿಗ್ನಲ್ಸ್ 94: ಸರ್ ನಂದು ಆಂಗ್ಸೈಟಿ, 20%, ಬೋರ್ಡಲ್ಲಿ ‘ನಾನಾ’ ಅಂತ ಬರ್ದಿದ್ದಾರೆ. ಹಂಗಂದ್ರೆ?

ವಕೀಲ್ ಸರ್: ನೈದರ್ ಆಟ್ರಿಬ್ಯುಟೇಬಲ್ ನಾರ್ ಆಗ್ರವೇಟೆಡ್. ಕಾಯಿಲೆ ನೌಕರಿಯಿಂದ ಬಂದಿದ್ದಲ್ಲ, ನೌಕರಿಯಿಂದ ಜಾಸ್ತಿನೂ ಆಗಿಲ್ಲ ಅಂತ. 20% ಇದೆಯಲ್ಲ, ಡಿಸೆಬಿಲಿಟಿ ಪೆನ್ಷನ್‌ಗೆ ಅಷ್ಟು ಸಾಕು, ಇನ್ನು ಜಗಳ ಏನಿದ್ರೂ ಆ ಶಬ್ದದ ಮೇಲೆ.

ನಾಯಕ್ ಮನೆಯವ್ರು: ನಮಸ್ತೆ ಸರ್. ನಮ್ಮನೆಯವ್ರು 2006ರಲ್ಲಿ ಭರ್ತಿ ಆದ್ರು, 2014ರಲ್ಲಿ ಸಿಯಾಚಿನ್, ಅಲ್ಲಿ ಜೊತೆಗಿದ್ದವ್ರು ಒಬ್ರು ತೀರ್ಕೊಂಡ್ರು, ಕೆಳಗೆ ಬಂದ್ಮೇಲೆ ಮಾತೇ ಕಮ್ಮಿ ಆಯ್ತು. 2016ರಲ್ಲಿ ಪೀಸ್ ಸ್ಟೇಷನ್ನಲ್ಲಿ (ಗಡಿಯಿಂದ ದೂರದ ಶಾಂತ ಜಾಗ) ಡಿಪ್ರೆಶನ್ ಅಂದ್ರು, ಎಸ್-3 ಮಾಡಿದ್ರು, ಅಂದ್ರೆ ಮನಸ್ಸಿನ ಕಾಯಿಲೆಗೆ ಮೆಡಿಕಲ್ ದರ್ಜೆ ಇಳಿಸಿದ್ರು. 2021ರಲ್ಲಿ ಪೆನ್ಷನ್ ಬಂದಾಗ ಬೋರ್ಡು 40% ಲೈಫ್ (ಜೀವನಪೂರ್ತಿ) ಅಂತ ಬರ್ದು ಕೊನೇಲಿ ಅದೇ ನಾನಾ. ಫಸ್ಟ್ ಅಪೀಲೂ ರಿಜೆಕ್ಟ್ ಆಗಿದೆ, 2022ರ ಲೆಟರು ಮೊನ್ನೆ ಟ್ರಂಕ್ ಕೆಳಗಡೆ ನ್ಯೂಸ್‌ಪೇಪರ್ ಮಡಿಕೆಯಲ್ಲಿ ಸಿಕ್ತು, ಇವ್ರು ನಂಗೆ ಹೇಳೇ ಇರ್ಲಿಲ್ಲ. ಟೈಮ್ ಮುಗ್ದೋಯ್ತಾ ಸರ್?

ವಕೀಲ್ ಸರ್: ಇಲ್ಲ ತಾಯಿ, ಮುಗ್ದಿಲ್ಲ. ಲೆಟರ್ ಬಚ್ಚಿಟ್ರು ಅಂತ ಅವ್ರ ಮೇಲೆ ಕೋಪ ಮಾಡ್ಕೋಬೇಡಿ, ಅದೂ ಆ ಕಾಯಿಲೆಯದೇ ಕೆಲಸ, ನನ್ ಹತ್ರ ಬರೋ ಫೈಲುಗಳಲ್ಲಿ ಅರ್ಧಕ್ಕರ್ಧ ಹಿಂಗೇ ತಡ ಆಗಿರೋವು. ಟ್ರಿಬ್ಯೂನಲ್‌ಗೆ ಆರು ತಿಂಗಳಲ್ಲಿ ಹೋಗ್ಬೇಕು ಅಂತಿರೋದು ನಿಜ, ಆದ್ರೆ ತಡ ಮನ್ನಿಸಿ ಅಂತ ಅರ್ಜಿ ಜೊತೆಗೆ ಹಾಕ್ಬೋದು, ಪೆನ್ಷನ್ ಅನ್ನೋದು ತಿಂಗ್ಳು ತಿಂಗ್ಳೂ ಆಗೋ ನಷ್ಟ. ಹಳೇ ಬಾಕಿ ಮಾತ್ರ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಮೂರೇ ವರ್ಷ, ಅದಕ್ಕೇ ಇನ್ನು ಒಂದೊಂದು ತಿಂಗ್ಳು ಕೂತ್ರೂ ದುಡ್ಡು ಹೋಗ್ತಾ ಇರುತ್ತೆ.

ಈಗ ಅಸಲು ವಿಷಯ. ಪೀಸ್ ಸ್ಟೇಷನ್ನಲ್ಲಿ ಶುರುವಾಯ್ತು, ಆದ್ದರಿಂದ ನೌಕರಿಗೆ ಸಂಬಂಧ ಇಲ್ಲ ಅಂತ ಬೋರ್ಡು ಒಂದೇ ಸಾಲು ಬರ್ದಿರುತ್ತೆ, ಬೇರೆ ಕಾರಣ ಇರಲ್ಲ. ಪತ್ತೆ ಆದ ಜಾಗ ಬೇರೆ, ಶುರುವಾದ ಜಾಗ ಬೇರೆ. ಸುಪ್ರೀಂ ಕೋರ್ಟು 2013ರ ಧರಮ್‌ವೀರ್ ಸಿಂಗ್ ಕೇಸಲ್ಲಿ ಹೇಳಿರೋದು ಇಷ್ಟು: ಭರ್ತಿ ಆಗೋವಾಗ ಕಾಯಿಲೆ ಅಂತ ಎಲ್ಲೂ ಬರ್ದಿಲ್ಲ ಅಂದ್ರೆ ಆಗ ಗಟ್ಟಿಮುಟ್ಟಾಗೇ ಇದ್ದ ಅಂತ ತಗೋಬೇಕು, ನೌಕರಿಯಿಂದ ಬಂದಿಲ್ಲ ಅಂತ ತೋರ್ಸೋ ಹೊಣೆ ಸರ್ಕಾರದ್ದು. ಆದ್ರೆ ಇದನ್ನ ಹಿಡ್ಕೊಂಡು ಕುಣೀಬೇಡಿ. 2019ರಲ್ಲಿ ನರಸಿಂಗ್ ಯಾದವ್ ಕೇಸಲ್ಲಿ ಅದೇ ಕೋರ್ಟು, ಸ್ಕಿಜೋಫ್ರೇನಿಯಾ ಥರದ್ದು ಭರ್ತಿ ಟೈಮಲ್ಲಿ ಗೊತ್ತಾಗೋದು ಕಷ್ಟ ಅಂತ ಸೈನಿಕನ ವಿರುದ್ಧ ಹೇಳಿದೆ, ಸರ್ಕಾರದ ವಕೀಲ್ರು ಮೊದ್ಲು ತೆಗಿಯೋದೇ ಅದನ್ನ. ಅದಕ್ಕೇ ಬರೀ ತೀರ್ಪು ಓದಿ ಹೇಳಿದ್ರೆ ಆಗಲ್ಲ, ಕಾಗದ ಬೇಕು.

ಎಎಫ್‌ಎಂಎಸ್‌ಎಫ್-10 ಅಂತ ಒಂದು ಫಾರ್ಮ್ ಇದೆ. ಸೈಕಿಯಾಟ್ರಿಗೆ ಕಳ್ಸೋವಾಗ ಯೂನಿಟ್ ಸಿಒ (ಕಮಾಂಡಿಂಗ್ ಆಫೀಸರ್) ತುಂಬೋದು, ಮನುಷ್ಯ ಹೆಂಗಿದ್ದ, ಯಾವಾಗಿಂದ ಬದಲಾದ ಅಂತ. ಬೋರ್ಡಿನ ಕಾಗದ, ಈ ಫಾರ್ಮು, ಪೋಸ್ಟಿಂಗ್ ಲಿಸ್ಟು ಮೂರನ್ನೂ ಅವ್ರ ಸೈನ್ ಹಾಕ್ಸಿ ಆರ್‌ಟಿಐನಲ್ಲಿ ರೆಕಾರ್ಡ್ಸ್ ಆಫೀಸಿನಿಂದ ತರ್ಸಿ. ಆಮೇಲೆ ಅವ್ರು ಆಗ ಮನೆಗೆ ಬರ್ದಿದ್ದ ಪತ್ರ, ರಜದ ದಿನಾಂಕ. ಇನ್ನೊಂದು, ಮನೇಲಿ ಯಾರಿಗಾದ್ರೂ ಮುಂಚೆ ಈ ಕಾಯಿಲೆ ಇತ್ತಾ ಅಂತ ಬೋರ್ಡು ಕೇಳಿರುತ್ತೆ, ಅದಕ್ಕೆ ಇವ್ರು ಏನು ಹೇಳಿದ್ರು ಅಂತ ಇವತ್ತೇ ಕೇಳಿ ನೋಡಿ, ಸಮಾಧಾನವಾಗಿ.

ಗೆದ್ರೆ 40 ಅಲ್ಲ, 50ರ ಲೆಕ್ಕ. 50ಕ್ಕಿಂತ ಕಮ್ಮಿ ಇದ್ರೆ 50ಕ್ಕೆ ಏರ್ಸಬೇಕು ಅಂತ 2014ರ ರಾಮ್ ಅವತಾರ್ ತೀರ್ಪು.

ಬೆಳಗಾಂವ್ ಬಾಯ್: ಸರ ನಂದು 30% ಐತ್ರಿ, 50 ಆಗತ್ತೇನ್ರಿ?

ವಕೀಲ್ ಸರ್: ಮೇಲೆ ಇದೆ.

ಎಎಸ್‌ಸಿ ಡ್ರೈವರ್: ಇದು ಎಲ್ಲ ಗ್ರೂಪಲ್ಲೂ ಬಂದಿದೆ ನೋಡಿ. ಫಾರ್ವರ್ಡ್: ‘ರೀಸರ್ವೇ ಬೋರ್ಡಿಗೆ (ಮತ್ತೆ ಪರ್ಸೆಂಟೇಜ್ ನೋಡೋ ಬೋರ್ಡು) 15 ದಿನ ಮುಂಚೆ ಮಾತ್ರೆ ನಿಲ್ಸಿ, ಅಶ್ವಗಂಧ ತಗೊಳಿ, ಪರ್ಸೆಂಟೇಜ್ ಗ್ಯಾರಂಟಿ ಏರುತ್ತೆ, ಡಾಕ್ಟ್ರುಗಳು ಇದನ್ನ ಹೇಳಲ್ಲ.’

ವಕೀಲ್ ಸರ್: ಡಿಲೀಟ್ ಮಾಡ್ರಿ ಮೊದ್ಲು. ಡಿಪ್ರೆಶನ್ ಮಾತ್ರೆ ದಿಢೀರ್ ನಿಲ್ಸಿದ್ರೆ ತಲೆ ತಿರುಗುತ್ತೆ, ನಿದ್ದೆ ಹೋಗುತ್ತೆ, ಕಾಯಿಲೆ ಮರುಕಳಿಸ್ಬೋದು. ಪರ್ಸೆಂಟೇಜ್ ಏರಿಸ್ಕೊಳ್ಳೋಕೆ ಹೋಗಿ ಮನುಷ್ಯನೇ ಹೋದ್ರೆ ಯಾರ ಪೆನ್ಷನ್ ತಿಂತೀರಿ? ಯಾರಿಗಾದ್ರೂ ಸಾಯೋ ಯೋಚ್ನೆ ಬರ್ತಿದ್ರೆ 14416ಗೆ ಫೋನ್ ಮಾಡಿ, ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಎಎಸ್‌ಸಿ ಡ್ರೈವರ್: ಸರ್ ನಾನ್ ಬರ್ದಿದ್ದಲ್ಲ, ಬಂದಿದ್ದು ಹಾಕ್ದೆ ಅಷ್ಟೆ.

ವಕೀಲ್ ಸರ್: ಹಾಕಿದ್ದೇ ತಪ್ಪು.

ಹಳೇ ಸುಬೇದಾರ್: ಕ್ಷಮಿಸಿ, ಒಂದ್ ಮಾತು. ನಮ್ ಕಾಲದಲ್ಲಿ ಡಿಪ್ರೆಶನ್ ಗಿಪ್ರೆಶನ್ ಇರ್ಲಿಲ್ಲ. ಹೆಂಡ್ತಿ ಜಗಳ ಆಡಿದ್ರೂ ಈಗ ಡಿಸೆಬಿಲಿಟಿ.

ಸಿಗ್ನಲ್ಸ್ 94: ಇತ್ತು ಸಾಬ್, ನಿಮ್ ಕಾಲದಲ್ಲಿ ಅದಕ್ಕೆ ರಮ್ ಅಂತಿದ್ರು.

ಹಳೇ ಸುಬೇದಾರ್: ಬಾಯ್ಮುಚ್ಚೋ. ಎಷ್ಟು ವರ್ಷ ಫೀಲ್ಡ್ ಮಾಡಿದ್ದೀಯ ನೀನು?

ಬೆಳಗಾಂವ್ ಬಾಯ್: ಸಾಬ್ರ, ಆಫೀಸರ್‌ಗೋಳಿಗೆ ಸಿಗೂದು ಕಾಣ್ಸಂಗಿಲ್ಲೇನ್ರಿ ನಿಮಗ, ಜವಾನ ಕೇಳಿದ್ರಷ್ಟ ನಾಟಕ?

ಸಿಗ್ನಲ್ಸ್ 94: 👏

ಹಳೇ ಸುಬೇದಾರ್: ಅಡ್ಮಿನ್, ಇವ್ರಿಬ್ರನ್ನ ತೆಗೀರಿ, ಇಲ್ಲ ನಾನೇ ಹೋಗ್ತೀನಿ.

ಇಎಂಇ ಕ್ಲರ್ಕ್: ಪೆನ್ಷನ್ನಿನ ಡಿಸೆಬಿಲಿಟಿ ಎಲಿಮೆಂಟ್‌ಗೆ (ಆ ಭಾಗಕ್ಕೆ) ಇನ್ಕಂ ಟ್ಯಾಕ್ಸ್ ಕಟ್ಬೇಕಾ ಸರ್? ನಂದು ಇನ್ವಾಲಿಡ್ ಔಟ್ (ಕಾಯಿಲೆಗೇ ನೌಕರಿ ಬಿಡಿಸಿದ್ದು) ಅಲ್ಲ.

ಸಿಆರ್‌ಪಿ ಹುಡುಗ: ಸರ್ ನಾನು ಸಿಆರ್‌ಪಿಎಫ್, ಟ್ರಿಬ್ಯೂನಲ್‌ಗೆ ಹಾಕ್ಬೋದಾ?

ವಕೀಲ್ ಸರ್: ಆಗಲ್ಲ. ನಿಮ್ದು ಹೈಕೋರ್ಟು.

ಇಎಂಇ ಕ್ಲರ್ಕ್: ಸರ್ ಟ್ಯಾಕ್ಸು?

ವಕೀಲ್ ಸರ್: ಸುಬೇದಾರ್ ಸಾಬ್, ನಿಮ್ ಜೊತೆಗಿದ್ದೋರಲ್ಲಿ ಎಷ್ಟು ಜನ ಊರಿಗೆ ಬಂದ್ಮೇಲೆ ಕುಡಿದು ಕುಡಿದೇ ಸತ್ರು ಅಂತ ಒಂದ್ಸಲ ಎಣ್ಸಿ. ನಾನು ನಮ್ ಯೂನಿಟ್ಟಿಂದು ಎಣ್ಸಿದ್ದೀನಿ. ಈ ವಿಷಯ ಇಲ್ಲಿಗೆ ಬಿಡಿ.

ನಾಯಕ್ ಮನೆಯವ್ರು: ಸರ್, ಟ್ರಂಕಲ್ಲಿ ಆ 10ನೇ ನಂಬರ್ ಫಾರ್ಮಿನ ಕಾಪಿ ಇದೆ! ಕಾರ್ಬನ್ನಲ್ಲಿದೆ, ಅರ್ಧ ಮಾಸಿದೆ. ಇವ್ರು ಓದಿ ಹೇಳಿದ್ರು, ‘ಒಳ್ಳೆ ಸೋಲ್ಜರ್, ಗ್ಲೇಶಿಯರ್‌ನಿಂದ ಬಂದಾಗಿಂದ ಒಬ್ನೇ ಕೂರ್ತಾನೆ’ ಅಂತಿದ್ಯಂತೆ. ಓದ್ತಾ ಓದ್ತಾ ಎದ್ದು ಹೊರಗೆ ಹೋದ್ರು.

ವಕೀಲ್ ಸರ್: ಅದೇ ಸಾಲು ತಾಯಿ. ಶುರುವಾದ ಜಾಗ ಸಿಒನೇ ಬರ್ದಿದ್ದಾರೆ. ಮಾಸೋ ಮುಂಚೆ ಮೊಬೈಲಲ್ಲಿ ಫೋಟೋ ತೆಗೀರಿ, ಲ್ಯಾಮಿನೇಷನ್ ಮಾತ್ರ ಮಾಡಿಸ್ಬೇಡಿ, ಬಿಸಿಗೆ ಇರೋದೂ ಹಾಳಾಗ್ಬೋದು. ಕರ್ನಾಟಕದ ಕೇಸು ಕೊಚ್ಚಿ ಬೆಂಚಿಗೆ, ನಾಳೆ ಅಡ್ಮಿನ್ ಹತ್ರ ನನ್ ನಂಬರ್ ಇಸ್ಕೊಳಿ. ಈಗ ಫೋನ್ ಕೆಳಗಿಟ್ಟು ಅವ್ರ ಹತ್ರ ಹೋಗಿ.

ಮೈಸೂರು ಗನ್ನರ್: ಸರ್ ಲೇಟಾಗಿ ಬಂದೆ, ನಾನಾ ಅಂದ್ರೆ ಏನ್ ಸರ್?

ಅಡ್ಮಿನ್: ಮೇಲೆ ಓದಿ. ಗ್ರೂಪ್ ಲಾಕ್ ಮಾಡ್ತಿದೀನಿ.