ಪದಚರ್ಚೆ: ಕೂಡಿಸಿದ ಮೇಲೆ ಉಳಿಯುವ ದಾಖಲೆಯನ್ನು ‘ಮೂಲ ದಾಖಲೆ’ ಎನ್ನಬಹುದೇ?

ಗೋಣಿಕೊಪ್ಪಲಿನ ಒಂದು ವ್ಯಾಪಾರ ಸಂಸ್ಥೆಗಾಗಿ, ಗ್ರಾಹಕರ ಮಾಹಿತಿ ನಿರ್ವಹಿಸುವ ತಂತ್ರಾಂಶದ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಾಫಿ ತೋಟಗಳಿಗೆ ಗೊಬ್ಬರ, ಸ್ಪ್ರೇಯರ್, ಕಳೆ ಕತ್ತರಿಸುವ ಯಂತ್ರ ಮಾರುವ ಸಂಸ್ಥೆ ಅದು. ಒಬ್ಬರೇ ಗ್ರಾಹಕರಿಗೆ ಎರಡು ಮೂರು ದಾಖಲೆಗಳಿದ್ದರೆ ಅವನ್ನು ಕೂಡಿಸಿ ಒಂದು ಮಾಡುವುದು ಹೇಗೆ ಎಂಬ ಅಧ್ಯಾಯದಲ್ಲಿ ಕೆಲಸ ನಿಂತಿದೆ. ಕೂಡಿಸುವ ಮೊದಲು ಅವುಗಳಲ್ಲಿ ಒಂದನ್ನು ಆರಿಸಬೇಕು. ಆರಿಸಿದ ದಾಖಲೆಯ ಗ್ರಾಹಕ ಸಂಖ್ಯೆ ಉಳಿಯುತ್ತದೆ. ಮಿಕ್ಕವುಗಳ ಬಿಲ್ಲು, ದೂರು, ಕರೆಗಳ ವಿವರ ಎಲ್ಲವೂ ಅದರಡಿಗೆ ಬರುತ್ತವೆ. ಆ ಒಂದು ದಾಖಲೆಗೆ ಕನ್ನಡದಲ್ಲಿ ಏನೆನ್ನುವುದು?

ಇಂಗ್ಲಿಷಿನವರು ಬಹುಕಾಲ ‘ಮಾಸ್ಟರ್ ರೆಕಾರ್ಡ್’ ಎಂದರು. ಇಂಥದೇ ತಂತ್ರಾಂಶವಾದ ಹಬ್‌ಸ್ಪಾಟ್‌ನಲ್ಲಿ ಅದು ‘ಪ್ರೈಮರಿ’. ಸಂಸ್ಥೆಯಲ್ಲಿ ಮೊದಲೇ ಇದ್ದ ಕನ್ನಡ ಟಿಪ್ಪಣಿಯಲ್ಲಿ ‘ಮೂಲ ದಾಖಲೆ’ ಎಂದಿದೆ, ಸಿಬ್ಬಂದಿಯ ಬಾಯಲ್ಲೂ ಅದೇ ನೆಲೆಸಿದೆ. ನನ್ನ ತಕರಾರು ಈ ‘ಮೂಲ’ದ ಮೇಲೆ.

ಮೂಲ ಎಂದರೆ ಬೇರು, ಮೊದಲಿನದು, ಅಸಲಿನದು. ತಲಕಾವೇರಿಯನ್ನು ಕಾವೇರಿಯ ಮೂಲ ಎನ್ನುವ ನಾಡಿನಲ್ಲಿ ಈ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ತಾಲ್ಲೂಕು ಕಚೇರಿಯಲ್ಲಿ ‘ಮೂಲ ಪ್ರತಿ ತನ್ನಿ’ ಎಂದರೆ ಜೆರಾಕ್ಸ್ ಬೇಡ ಎಂದರ್ಥ. ಹೀಗಿರುವಾಗ ಎರಡು ದಾಖಲೆಗಳನ್ನು ಮುಂದಿಟ್ಟು ‘ಮೂಲ ದಾಖಲೆಯನ್ನು ಆರಿಸಿ’ ಎಂದರೆ ಯಾವ ಗುಮಾಸ್ತನಾದರೂ ತಾರೀಖು ನೋಡಿ ಹಳೆಯದನ್ನೇ ಆರಿಸುತ್ತಾನೆ. ತಂತ್ರಾಂಶ ಕೇಳುತ್ತಿರುವುದು ಅದನ್ನಲ್ಲ.

ಒಂದು ಉದಾಹರಣೆ. ಗ್ರಾಹಕರ ಹೆಸರು ಪೊನ್ನಪ್ಪ ಎಂದಿರಲಿ. ಮೊದಲ ದಾಖಲೆ 2012ರದು. 08274ರಿಂದ ಶುರುವಾಗುವ ಸ್ಥಿರ ದೂರವಾಣಿ, ವಿರಾಜಪೇಟೆ ಕಡೆಯ ಒಂದು ಗ್ರಾಮದ ವಿಳಾಸ, ಉದ್ರಿ ಲೆಕ್ಕ, ಹತ್ತು ವರ್ಷದ ಬಿಲ್ಲುಗಳು. ಎರಡನೆಯದು 2021ರದು. ಮೊಬೈಲ್ ಸಂಖ್ಯೆ, ಇಮೇಲ್, ಜಿಎಸ್‌ಟಿ ಸಂಖ್ಯೆ, ಮಗಳ ಮನೆಯ ಬೆಂಗಳೂರು ವಿಳಾಸ, ಒಂದು ಯಂತ್ರದ ವಾರಂಟಿ. ಸ್ಥಿರ ದೂರವಾಣಿಯನ್ನು ಈಗ ಯಾರೂ ಎತ್ತುವುದಿಲ್ಲ. 2017ರ ಜುಲೈ 1ರಂದು ಬಂದ ಜಿಎಸ್‌ಟಿಗೆ ಹಳೆಯ ದಾಖಲೆಯಲ್ಲಿ ಮನೆಯೇ ಇಲ್ಲ. ಆದರೆ ಗ್ರಾಹಕರ ಕೈಯಲ್ಲಿರುವ ಕಾರ್ಡಿನ ಮೇಲೆ ಅಚ್ಚಾಗಿರುವುದು ಹಳೆಯ ಸಂಖ್ಯೆ, ಲೆಕ್ಕದ ತಂತ್ರಾಂಶ ಗುರುತಿಸುವುದೂ ಅದನ್ನೇ. ಹಾಗಾಗಿ ಸಂಖ್ಯೆ ಹಳೆಯದು ಉಳಿಯಬೇಕು, ಫೋನು ಮತ್ತು ಜಿಎಸ್‌ಟಿ ಹೊಸದರಿಂದ ಬರಬೇಕು, ಸರಕು ತಲುಪಿಸುವ ವಿಳಾಸ ಹಳೆಯದೇ ಇರಬೇಕು. ಯಾವ ದಾಖಲೆ ಎಂಬುದೊಂದು ತೀರ್ಮಾನ. ಪ್ರತಿಯೊಂದು ಕಾಲಂನಲ್ಲಿ ಯಾವ ಮಾಹಿತಿ ಎಂಬುದು ಬೇರೆಯೇ ತೀರ್ಮಾನ. ‘ಮೂಲ’ ಎಂಬ ಪದ ಎರಡನ್ನೂ ಒಂದೇ ಗಂಟಿಗೆ ಕಟ್ಟಿಬಿಡುತ್ತದೆ. ಮೂಲವನ್ನು ಆರಿಸಿಯಾಯಿತು, ಅಂದ ಮೇಲೆ ಅದರಲ್ಲಿರುವುದೆಲ್ಲ ಸರಿ ಎಂದು ಮನಸ್ಸು ನಂಬುತ್ತದೆ. ಸತ್ತ ದೂರವಾಣಿ ಸಂಖ್ಯೆ ಉಳಿಯುವುದು ಹೀಗೆ.

ಇನ್ನು ಹೆಚ್ಚಾಗಿ ಹುಟ್ಟಿದ ದಾಖಲೆಗೆ, ಇಂಗ್ಲಿಷಿನ ‘ಡೂಪ್ಲಿಕೇಟ್’ಗೆ, ಹೇಳುವ ‘ನಕಲು’. ಈ ಪದ ಅರಬ್ಬಿಯಿಂದ ಉರ್ದುವಿನ ದಾರಿಯಾಗಿ ಬಂದು ಕನ್ನಡದಲ್ಲಿ ಗಟ್ಟಿಯಾಗಿ ಕುಳಿತಿದೆ. ಕಚೇರಿಯಲ್ಲಿ ನಕಲು ಎಂದರೆ ಪ್ರತಿ, ಪರೀಕ್ಷಾ ಕೊಠಡಿಯಲ್ಲಿ ಕಳ್ಳತನ, ಪಕ್ಕದ ‘ನಕಲಿ’ಯಂತೂ ಶುದ್ಧ ಮೋಸ. ನಕಲಿ ವೈದ್ಯ, ನಕಲಿ ಗೊಬ್ಬರ ಎಂದು ದಿನಬೆಳಗಾದರೆ ಪತ್ರಿಕೆಯಲ್ಲಿ ಓದುವವರು ಪರದೆಯ ಮೇಲೆ ತಮ್ಮ ಹೆಸರಿನ ಪಕ್ಕದಲ್ಲಿ ‘ನಕಲು ಗ್ರಾಹಕ’ ಎಂದು ಕಂಡರೆ ಸುಮ್ಮನಿರುತ್ತಾರೆಯೇ? ಪೊನ್ನಪ್ಪನವರ ಎರಡನೆಯ ದಾಖಲೆ ಮೊದಲನೆಯದರ ಪ್ರತಿಯೂ ಅಲ್ಲ. ಬೇರೆ ದಿನ, ಬೇರೆ ಕೈ, ಬೇರೆ ಮಾಹಿತಿ ಇಟ್ಟುಕೊಂಡು ಹುಟ್ಟಿಸಿದ್ದು.

ಕೊಡಗಿನಲ್ಲಿ ಇದಕ್ಕೊಂದು ಹೆಚ್ಚುವರಿ ತೊಡಕಿದೆ. ಕೊಡವರಲ್ಲಿ ಮನೆತನದ ಹೆಸರು ಮೊದಲು, ತಂದೆಯ ಹೆಸರು ನಡುವೆ, ಸ್ವಂತ ಹೆಸರು ಕೊನೆಗೆ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಎಂದರೆ ಕೊಡಂದೇರ ಮಾದಪ್ಪ ಕಾರ್ಯಪ್ಪ. ಜನರಲ್ ಕೆ.ಎಸ್. ತಿಮ್ಮಯ್ಯ ಎಂದರೆ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ‘ಮೊದಲ ಹೆಸರು’, ‘ಕೊನೆಯ ಹೆಸರು’ ಎಂಬ ಅಮೆರಿಕದ ಎರಡು ಡಬ್ಬಿಗಳಲ್ಲಿ ಈ ಮೂರನ್ನು ತುಂಬುವಾಗ ಒಬ್ಬ ಗುಮಾಸ್ತ ಮನೆಹೆಸರನ್ನು ಮುಂದಿಡುತ್ತಾನೆ, ಇನ್ನೊಬ್ಬ ಹಿಂದಿಡುತ್ತಾನೆ, ಮೂರನೆಯವನು ಇನಿಷಿಯಲ್‌ನಲ್ಲಿ ಮುಗಿಸುತ್ತಾನೆ. ಕಾಗುಣಿತವೂ ಕೈಕೊಡುತ್ತದೆ. ಕಾರ್ಯಪ್ಪ, ಕಾರಿಯಪ್ಪ ಎರಡನ್ನೂ ಕನ್ನಡ ಪತ್ರಿಕೆಗಳಲ್ಲಿ ಕಾಣುತ್ತೇವೆ. ಇಂಗ್ಲಿಷಿಗೆ ಹೋದರೆ ಅದೇ ಹೆಸರು ಕೆಲವರಿಗೆ ‘ಸಿ’ಯಿಂದ, ಕೆಲವರಿಗೆ ‘ಕೆ’ಯಿಂದ. ಒಬ್ಬರೇ ಮನುಷ್ಯ ನಾಲ್ಕು ದಾಖಲೆಯಾಗುವುದಕ್ಕೆ ಇಷ್ಟು ಸಾಕು.

ಇದರ ತಿರುವುಮುರುವೂ ಉಂಟು. ಅಜ್ಜನ ಹೆಸರನ್ನು ಮೊಮ್ಮಕ್ಕಳಿಗೆ ಇಡುವ ಮನೆಗಳಲ್ಲಿ ಅಣ್ಣತಮ್ಮಂದಿರ ಮಕ್ಕಳಿಬ್ಬರೂ ಪೊನ್ನಪ್ಪನಾಗಿರಬಹುದು. ಮನೆಹೆಸರು ಒಂದೇ, ಊರು ಒಂದೇ, ಅಂಚೆ ಪಿನ್‌ಕೋಡ್ ಒಂದೇ. ತಂತ್ರಾಂಶ ಇಬ್ಬರನ್ನೂ ಎತ್ತಿ ತೋರಿಸಿ ‘ಡೂಪ್ಲಿಕೇಟ್’ ಎನ್ನುತ್ತದೆ. ಅದನ್ನು ನಂಬಿ ಕೂಡಿಸಿದರೆ ಒಬ್ಬರ ಸಾಲ ಇನ್ನೊಬ್ಬರ ತಲೆಗೆ. ಆದ್ದರಿಂದ ಇಲ್ಲಿ ಎರಡು ಪದ ಬೇಕೇ ಬೇಕು ಎಂದು ನನ್ನ ವಾದ. ಯಂತ್ರ ಹುಡುಕಿಕೊಟ್ಟದ್ದು ‘ಹೋಲುವ ದಾಖಲೆ’. ಮನುಷ್ಯರೊಬ್ಬರು ಫೋನು ಮಾಡಿ, ತೋಟದ ಹೆಸರು ಕೇಳಿ, ಖಾತ್ರಿಪಡಿಸಿಕೊಂಡ ಮೇಲೆ ‘ಜೋಡಿ ದಾಖಲೆ’. ‘ಪುನರಾವರ್ತಿತ ದಾಖಲೆ’ ಎಂಬ ಸಲಹೆಯೂ ಬಂದಿದೆ. ತಪ್ಪಲ್ಲ, ಆದರೆ ಮೊಬೈಲ್ ಪರದೆಯಲ್ಲಿ ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ.

ಕೂಡಿಸುವ ಕ್ರಿಯೆಗೆ ‘ವಿಲೀನ’ ಸಿದ್ಧವಾಗಿಯೇ ಇದೆ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು ಎಂದು ಎಲ್ಲರೂ ಬರೆದರು. ಆದರೆ ಕೊಡಗಿನಲ್ಲಿ ಆ ಪದಕ್ಕೆ ಬೇರೆ ತೂಕವಿದೆ. ಕೇಂದ್ರದ ಹತೋಟಿಯಲ್ಲಿದ್ದ ಚಿಕ್ಕ ರಾಜ್ಯಗಳ ‘ಸಿ’ ವರ್ಗಕ್ಕೆ ಸೇರಿ ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ್ದನ್ನು ಇಲ್ಲಿನವರು ಹೇಳುವುದು ‘ವಿಲೀನ’ ಎಂದೇ. ಹಿರಿಯ ಗ್ರಾಹಕರೊಬ್ಬರಿಗೆ ‘ನಿಮ್ಮ ದಾಖಲೆ ವಿಲೀನ ಮಾಡುತ್ತೇವೆ’ ಎಂದರೆ ಕಾಫಿ ಆರುವವರೆಗೂ ಚರ್ಚೆ ಮುಗಿಯುವುದಿಲ್ಲ. ಸಂಸ್ಥೆಗಳಿಗೆ, ಸಂಸ್ಥಾನಗಳಿಗೆ ವಿಲೀನ ಇರಲಿ. ದಾಖಲೆಗೆ ‘ಒಂದುಗೂಡಿಸು’ ಸಾಕು.

ಮತ್ತೆ ಮೊದಲ ಪ್ರಶ್ನೆಗೆ. ಅಂಗಡಿಯ ಲೆಕ್ಕಪತ್ರ ನೋಡುವವರು ‘ಪಟ್ಟೇದಾರ ದಾಖಲೆ’ ಎಂದರು. ಮೊದಲು ಎಲ್ಲರೂ ನಕ್ಕೆವು, ಆಮೇಲೆ ಯೋಚನೆಗೆ ಬಿದ್ದೆವು. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ದಾಖಲೆಯಲ್ಲಿ ಕುಟುಂಬದ ಪರವಾಗಿ ಪಟ್ಟೇದಾರನ ಹೆಸರಿರುತ್ತದೆ. ಭೂಮಿ ಅವನೊಬ್ಬನದಲ್ಲ, ಇಡೀ ಒಕ್ಕದವರ, ಅಂದರೆ ಮನೆತನದವರ, ಹಕ್ಕು ಆ ಹೆಸರಿನ ಅಡಿಯಲ್ಲಿರುತ್ತದೆ. ಒಂದು ಸಂಖ್ಯೆಯಡಿ ಎಲ್ಲ ಬಿಲ್ಲುಗಳು ಬಂದು ನಿಲ್ಲುವುದಕ್ಕೆ ಇಷ್ಟು ಹತ್ತಿರದ ಪದ ಇನ್ನೊಂದು ಸಿಗಲಿಕ್ಕಿಲ್ಲ. ಆದರೂ ಕೈಬಿಟ್ಟೆ. ಕೊಡಗಿನ ಗಡಿಯ ಕುಶಾಲನಗರ ದಾಟಿದರೆ ಅದು ಅರ್ಥವಾಗುವುದಿಲ್ಲ, ಮೇಲಾಗಿ ಜಮ್ಮಾ ಖಾತೆಯ ತಕರಾರುಗಳಲ್ಲಿ ಸುಸ್ತಾದವರಿಗೆ ಆ ಪದವನ್ನು ಗೊಬ್ಬರದ ಅಂಗಡಿಯಲ್ಲೂ ಕೇಳಿಸುವುದು ಬೇಡ.

‘ಪ್ರಧಾನ’, ‘ಮುಖ್ಯ’ ಎರಡೂ ನಡೆಯುತ್ತವೆ, ಆದರೆ ಯಾವುದಕ್ಕೆ ಪ್ರಧಾನ ಎಂಬುದನ್ನು ಹೇಳುವುದಿಲ್ಲ. ಹೆಚ್ಚು ವ್ಯಾಪಾರ ಮಾಡುವ ಗ್ರಾಹಕರೇ ‘ಪ್ರಧಾನ ಗ್ರಾಹಕ’ ಎಂದು ತಿಳಿದರೆ ತಿಳಿದವರ ತಪ್ಪೇನಿಲ್ಲ.

ನನಗೆ ಒಪ್ಪಿಗೆಯಾಗುವುದು ‘ಉಳಿ’ ಧಾತು. ತೊಂದರೆಯಿರುವುದು ಅದರ ಪಕ್ಕದ ಮನೆಯಲ್ಲಿ. ‘ಉಳಿಸು’ ಎಂಬ ಗುಂಡಿ, ‘ಅಳಿಸು’ ಎಂಬ ಗುಂಡಿ. ವ್ಯತ್ಯಾಸ ಒಂದೇ ಅಕ್ಷರ. ಅಳಿವು ಉಳಿವಿನ ಪ್ರಶ್ನೆ ಎಂದು ಭಾಷಣದಲ್ಲಿ ಹೇಳುವುದಕ್ಕೆ ಚೆಂದ, ಸಂಜೆ ಆರು ಗಂಟೆಗೆ ಚಿಕ್ಕ ಪರದೆಯ ಮುಂದೆ ಕುಳಿತವರಿಗೆ ಅಪಾಯ. ಮೇಲಾಗಿ ‘ಉಳಿಸು’ ಈಗಾಗಲೇ ‘ಸೇವ್’ಗೆ ಮೀಸಲಾಗಿದೆ. ಅದಕ್ಕೇ ‘ಉಳಿಸುವ ದಾಖಲೆ’ ಬಿಟ್ಟು ‘ಉಳಿಯುವ ದಾಖಲೆ’ ಎಂದಿದ್ದೇನೆ. ಅದರ ಜೊತೆಗಾರನಿಗೆ ‘ಸೇರಿಹೋಗುವ ದಾಖಲೆ’. ಆ ಪುಟದಲ್ಲಿ ‘ಅಳಿಸು’ ಎಂಬ ಪದವೇ ಬರಬಾರದೆಂದು ನನ್ನ ಹಟ. ತಾಂತ್ರಿಕವಾಗಿಯೂ ಅದು ಎಲ್ಲೆಡೆ ನಿಜವಲ್ಲ. ಇಂಥ ತಂತ್ರಾಂಶಗಳಲ್ಲೇ ನೋಡಿ, ಡೈನಾಮಿಕ್ಸ್‌ನಲ್ಲಿ ಸೇರಿಹೋದ ದಾಖಲೆ ನಿಷ್ಕ್ರಿಯವಾಗಿ ಕುಳಿತಿರುತ್ತದೆ, ಸೇಲ್ಸ್‌ಫೋರ್ಸ್‌ನಲ್ಲಿ ಮೊದಲು ಕಸದಬುಟ್ಟಿಗೆ ಹೋಗುತ್ತದೆ, ಹಬ್‌ಸ್ಪಾಟ್‌ನಲ್ಲಿ ಒಮ್ಮೆ ಕೂಡಿಸಿದರೆ ಬಿಡಿಸುವ ಗುಂಡಿಯೇ ಇಲ್ಲ. ಮೂರಕ್ಕೂ ‘ಸೇರಿಹೋಗು’ ಹೊಂದುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶೀರ್ಷಿಕೆಯಲ್ಲಿ ನಾಮಪದವನ್ನೇ ತೆಗೆದು ಪ್ರಶ್ನೆ ಹಾಕಿ ನೋಡಿದೆ. ಮೊದಲ ಪರದೆಯಲ್ಲಿ ‘ಯಾವ ಸಂಖ್ಯೆ ಉಳಿಯಬೇಕು?’, ಎರಡನೆಯದರಲ್ಲಿ ‘ಯಾವ ವಿವರಗಳು ಉಳಿಯಬೇಕು?’. ಅಂಗಡಿಯ ಹುಡುಗಿಯೊಬ್ಬಳಿಗೆ ತೋರಿಸಿದಾಗ ಅವಳು ಏನೂ ಕೇಳದೆ ಹಳೆಯ ಸಂಖ್ಯೆಗೂ ಹೊಸ ಮೊಬೈಲ್‌ಗೂ ಗುರುತು ಹಾಕಿದಳು. ‘ಮಾಸ್ಟರ್’ಗೆ ಸಮಾನಪದ ಹುಡುಕುವ ಬದಲು ಕೇಳಬೇಕಾದ್ದನ್ನು ಕೇಳಿಬಿಡುವುದೇ ಮೇಲೇನೋ. ಆದರೆ ಕೈಪಿಡಿಯ ಒಳಗೆ, ವಾಕ್ಯದ ನಡುವೆ, ನಾಮಪದ ಬೇಕೇ ಬೇಕಾಗುತ್ತದೆ. ಅಲ್ಲಿ ‘ಉಳಿಯುವ ದಾಖಲೆ’ ಸಹಜವಾಗಿ ಓದಿಸಿಕೊಳ್ಳುತ್ತದೆಯೇ, ಬಲ್ಲವರು ಹೇಳಬೇಕು.

ಜೊತೆಗೆ ಒಂದು ಉಪಪ್ರಶ್ನೆ. ಎಲ್ಲ ದಾಖಲೆಗಳಿಂದ ಒಳ್ಳೆಯ ವಿವರಗಳನ್ನು ಆಯ್ದು ಕಟ್ಟಿದ, ಎಲ್ಲ ವಿಭಾಗಗಳೂ ಒಪ್ಪಬೇಕಾದ ಕೊನೆಯ ರೂಪಕ್ಕೆ ಇಂಗ್ಲಿಷಿನಲ್ಲಿ ‘ಗೋಲ್ಡನ್ ರೆಕಾರ್ಡ್’ ಎನ್ನುತ್ತಾರೆ. ‘ಚಿನ್ನದ ದಾಖಲೆ’ ಎಂದರೆ ಗಿರವಿ ಅಂಗಡಿಯ ಪುಸ್ತಕವಾಗುತ್ತದೆ. ‘ಒಪ್ಪಿತ ದಾಖಲೆ’ ಎಂದು ಸದ್ಯಕ್ಕೆ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. ‘ಖಚಿತ ದಾಖಲೆ’ ಎನ್ನಲು ಧೈರ್ಯ ಸಾಲದು, ಏಕೆಂದರೆ ಗ್ರಾಹಕರು ನಾಳೆ ಸಿಮ್ ಬದಲಿಸಬಹುದು. ಇದಕ್ಕಿಂತ ಚಿಕ್ಕದಾದ, ಬಾಯಿಗೆ ಬರುವ ಪದ ಯಾರಿಗಾದರೂ ಹೊಳೆಯುತ್ತದೆಯೇ?