ಫ್ಯಾಮಿಲಿ ಲಿಂಕ್ ಹಾಕಿದ್ರೂ ಮಗಳಿಗೆ ಗೇಮ್ ಚಾಟ್‌ನಲ್ಲಿ ಅಪರಿಚಿತರ ಮೆಸೇಜ್ ಬರ್ತಿದೆ, ಏನು ಮಾಡೋದು?

ಪ್ರಶ್ನೆ (ಎರಡುಮಕ್ಕಳಮ್ಮ):
ಮಗಳಿಗೆ 12, ಮಗನಿಗೆ 15. ಇಬ್ಬರದೂ ಆಂಡ್ರಾಯ್ಡ್ ಫೋನ್. ಮಗಳ ಫೋನಿಗೆ ಫ್ಯಾಮಿಲಿ ಲಿಂಕ್ (ಮಕ್ಕಳ ಫೋನ್ ಮೇಲೆ ಹಿಡಿತ ಇಡೋ ಗೂಗಲ್ ಆ್ಯಪ್) ಇದೆ, ಮನೆ ರೌಟರ್‌ನಲ್ಲಿ ಡಿಎನ್‌ಎಸ್ 1.1.1.3 (ಕೆಟ್ಟ ಸೈಟುಗಳನ್ನ ತಡೆಯೋ ವಿಳಾಸ) ಹಾಕಿದೆ. ಆದರೂ ಗೇಮ್ ಚಾಟ್‌ನಲ್ಲಿ ಯಾರೋ "ವಯಸ್ಸೆಷ್ಟು, ವಾಟ್ಸಾಪ್‌ಗೆ ಬಾ" ಅಂತ ಅವಳ ಬೆನ್ನು ಬಿದ್ದಿದ್ದಾರೆ. ಸೆಟ್ಟಿಂಗ್‌ನಲ್ಲಿ ಏನು ಬಿಟ್ಟುಹೋಗಿದೆ? ಇಬ್ಬರ ಫೋನಿಗೂ ಗೊತ್ತಾಗದ ಹಾಗೆ ಮೆಸೇಜ್ ಓದೋ ಆ್ಯಪ್ ಹಾಕಿಬಿಡಲಾ?

ಉತ್ತರ (ತಂತಿಜಾಲ):
ಮೇಡಂ, ನೀವು ಹಾಕಿರೋ ಎರಡೂ ಸರಿಯಾಗೇ ಕೆಲಸ ಮಾಡ್ತಿವೆ. ಆದರೆ ಇದು ಅವುಗಳ ಕೆಲಸ ಅಲ್ಲ. ಯಾವ ಆ್ಯಪ್, ಎಷ್ಟು ಹೊತ್ತು, ರಾತ್ರಿ ಎಷ್ಟಕ್ಕೆ ಲಾಕ್ ಅನ್ನೋದನ್ನ ಫ್ಯಾಮಿಲಿ ಲಿಂಕ್ ನೋಡಿಕೊಳ್ಳುತ್ತೆ. ಆ್ಯಪ್ ಒಳಗಿನ ಚಾಟ್‌ಗೆ ಅದು ಕೈ ಹಾಕಲ್ಲ. 1.1.1.3 ನೋಡೋದು ಸೈಟಿನ ಹೆಸರನ್ನ ಮಾತ್ರ. ಅಶ್ಲೀಲ ಸೈಟು, ಮಾಲ್‌ವೇರ್ (ಫೋನಿಗೆ ಹಾನಿ ಮಾಡೋ ತಂತ್ರಾಂಶ) ಸೈಟು ತಡೆಯುತ್ತೆ. ಗೇಮ್ ಚಾಟ್ ಬರೋದು ಗೇಮ್ ಕಂಪನಿಯ ಸರ್ವರ್ ಕಡೆಯಿಂದಲೇ, ಹಾಗಾಗಿ ಅದಕ್ಕೆ ತಡೆಯೇ ಇಲ್ಲ.

ಇನ್ನೊಂದು: ರೌಟರ್‌ನಲ್ಲಿ ಹಾಕಿದ್ದು ಮನೆ ವೈಫೈಗೆ ಮಾತ್ರ. ಮೊಬೈಲ್ ಡೇಟಾ ಆನ್ ಮಾಡಿದ ತಕ್ಷಣ ಅದು ಲೆಕ್ಕಕ್ಕಿಲ್ಲ. ಫೋನ್‌ನಲ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ನೆಟ್‌ವರ್ಕ್ ಒಳಗೆ ಪ್ರೈವೇಟ್ ಡಿಎನ್‌ಎಸ್ ಹುಡುಕಿ (ಕೆಲವು ಫೋನ್‌ಗಳಲ್ಲಿ 'ಕನೆಕ್ಷನ್ಸ್' ಒಳಗೆ ಅವಿತಿರುತ್ತೆ), ಅಲ್ಲಿ ಕ್ಲೌಡ್‌ಫ್ಲೇರ್‌ನ (1.1.1.3 ನಡೆಸೋ ಕಂಪನಿ) ಫ್ಯಾಮಿಲಿ ವಿಳಾಸ ಹಾಕಿ. ಅಲ್ಲಿ 1.1.1.3 ಅಂತ ಅಂಕಿ ಹೊಡೆದರೆ ತಗೊಳ್ಳಲ್ಲ, ಹೋಸ್ಟ್‌ನೇಮ್ (ಅಕ್ಷರದಲ್ಲಿರೋ ವಿಳಾಸ) ಬೇಕು. ಮಗ ವಿಪಿಎನ್ (ನೆಟ್ ಸಂಪರ್ಕವನ್ನ ಬೇರೆ ದಾರಿಯಲ್ಲಿ ಸುತ್ತಿಸೋ ಆ್ಯಪ್) ಹಾಕಿಕೊಂಡರೆ ಇದೂ ಹೋಯ್ತು ಅಂತಲೇ ಇಟ್ಕೊಳ್ಳಿ.

ನಿಮ್ಮ ಸಮಸ್ಯೆಗೆ ಮದ್ದು ಇರೋದು ಗೇಮ್ ಖಾತೆಯಲ್ಲೇ. ಮೊದಲು ಅಲ್ಲಿ ಕೊಟ್ಟಿರೋ ಹುಟ್ಟಿದ ದಿನಾಂಕ ನೋಡಿ. ಹತ್ತರಲ್ಲಿ ಎಂಟು ಎಡವಟ್ಟು ಇಲ್ಲೇ ಅಂತ ನನ್ನ ಅಂದಾಜು. ಮಗು 18 ಅಂತ ಕೊಟ್ಟಿದ್ದರೆ ಮಕ್ಕಳಿಗಿರೋ ಯಾವ ಕಡಿವಾಣವೂ ಆ ಖಾತೆಗೆ ಬೀಳಲ್ಲ. ಆಮೇಲೆ ಚಾಟನ್ನ 'ಸ್ನೇಹಿತರು ಮಾತ್ರ' ಮಾಡಿ, ಸ್ನೇಹಿತರ ಪಟ್ಟಿಯನ್ನ ಅವಳ ಜೊತೆ ಕೂತು ನೋಡಿ. ಪಟ್ಟಿಯಲ್ಲಿ ಇನ್ನೂರು ಜನ ಅಪರಿಚಿತರಿದ್ದರೆ 'ಸ್ನೇಹಿತರು ಮಾತ್ರ' ಅಂದರೂ ಅಷ್ಟೇ.

ವಾಟ್ಸಾಪ್‌ನಲ್ಲಿ: ಪ್ರೈವೆಸಿ ಒಳಗೆ ಪ್ರೊಫೈಲ್ ಫೋಟೋ, ಗ್ರೂಪ್ಸ್ ಎರಡೂ 'ಮೈ ಕಾಂಟ್ಯಾಕ್ಟ್ಸ್', ಕಾಲ್ಸ್‌ನಲ್ಲಿ 'ಸೈಲೆನ್ಸ್ ಅನ್‌ನೋನ್ ಕಾಲರ್ಸ್' ಆನ್.

ಉತ್ತರ (ಶಾಲಾಸಲಹೆ):
ಕದ್ದು ಓದೋ ಆ್ಯಪ್ ಬೇಡವೇ ಬೇಡ. ಅದಕ್ಕೆ ನೋಟಿಫಿಕೇಶನ್, ಸ್ಕ್ರೀನ್, ಫೋಟೋ ಎಲ್ಲಕ್ಕೂ ಅನುಮತಿ ಬೇಕು. ಮಗುವಿನ ಖಾಸಗಿ ಫೋಟೋ, ಮಾತು ಎಲ್ಲಾ ಯಾರದೋ ಸರ್ವರ್‌ಗೆ ಹೋಗಿ ಕೂರುತ್ತೆ. ಇಂಥ ಕಂಪನಿಗಳ ಡೇಟಾ ಸೋರಿಕೆ ಆಗಿರೋದು ಒಂದೆರಡು ಸಲ ಅಲ್ಲ. 15ರ ಹುಡುಗನಿಗೆ ಗೊತ್ತಾದ ದಿನವೇ ಎರಡನೇ ಖಾತೆ ಹುಟ್ಟುತ್ತೆ, ಆಮೇಲೆ ನೀವು ಓದೋದು ಅವನು ನಿಮಗಾಗಿ ಬಿಟ್ಟ ಖಾತೆ.

ಅವನು ಇನ್‌ಸ್ಟಾಗ್ರಾಮ್‌ನಲ್ಲಿ ಇದ್ದರೆ ಟೀನ್ ಅಕೌಂಟ್ ಆಗಿದೆಯಾ ನೋಡಿ. 2024ರ ಸೆಪ್ಟೆಂಬರ್‌ನಲ್ಲಿ ಇದು ಶುರುವಾಯ್ತು. ಖಾತೆ ತಾನಾಗೇ ಪ್ರೈವೇಟ್ ಆಗಿರುತ್ತೆ, ಅವನು ಫಾಲೋ ಮಾಡೋರು ಅಥವಾ ಈಗಾಗಲೇ ಸಂಪರ್ಕದಲ್ಲಿರೋರು ಮಾತ್ರ ಮೆಸೇಜ್ ಕಳಿಸಬಹುದು, 16 ತುಂಬದವರು ಈ ಕಟ್ಟು ಸಡಿಲಿಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. ಇಲ್ಲೂ ಎಲ್ಲ ನಿಂತಿರೋದು ನಿಜವಾದ ವಯಸ್ಸಿನ ಮೇಲೇ.

ಉತ್ತರ (ಸೈಬರ್‌ಕಾವಲು):
"ವಾಟ್ಸಾಪ್‌ಗೆ ಬಾ" ಅನ್ನೋದನ್ನ ಹಗುರವಾಗಿ ತಗೋಬೇಡಿ. ಗೇಮ್‌ನಲ್ಲಿ ಮಾತಿನ ಮೇಲೆ ಸ್ವಲ್ಪವಾದರೂ ಕಣ್ಗಾವಲು ಇರುತ್ತೆ; ಅದಿಲ್ಲದ ಕಡೆಗೆ ಎಳೆಯೋದೇ ಮೊದಲ ಹೆಜ್ಜೆ. ಆಮೇಲೆ ಹೊಗಳಿಕೆ, ಗೇಮ್ ಕಾಯಿನ್ ಉಡುಗೊರೆ, ಫೋಟೋ ಕೇಳೋದು, ಕೊನೆಗೆ "ನಿನ್ನ ಫಾಲೋವರ್ಸ್‌ಗೆಲ್ಲಾ ಕಳಿಸ್ತೀನಿ" ಅನ್ನೋ ಬೆದರಿಕೆ. ದುಡ್ಡಿಗಾಗಿ ಹೀಗೆ ಬೆದರಿಸೋರು ಹೆಚ್ಚಾಗಿ ಹಿಡಿಯೋದು ಹದಿಹರೆಯದ ಹುಡುಗರನ್ನ, ಹುಡುಗಿ ಹೆಸರಿನ ನಕಲಿ ಪ್ರೊಫೈಲ್‌ನಿಂದ. ಮಗನಿಗೂ ಇದನ್ನ ಬಿಡಿಸಿ ಹೇಳಿ.

ಇವತ್ತೇ ಮಾಡಬೇಕಾದ್ದು, ಇದೇ ಕ್ರಮದಲ್ಲಿ. ಮೊದಲು ಸ್ಕ್ರೀನ್‌ಶಾಟ್: ಚಾಟ್, ದಿನಾಂಕ, ಮತ್ತು ಯೂಸರ್‌ನೇಮ್. ಮೇಲೆ ಕಾಣೋ ಹೆಸರು ಕ್ಷಣದಲ್ಲಿ ಬದಲಾಗುತ್ತೆ, ಯೂಸರ್‌ನೇಮ್ ಅಥವಾ ಪ್ರೊಫೈಲ್ ಲಿಂಕ್ ಇದ್ದರೇ ದೂರಿಗೆ ಬೆಲೆ. ಆಮೇಲೆ ರಿಪೋರ್ಟ್. ಬ್ಲಾಕ್ ಕೊನೆಗೆ, ಮೊದಲೇ ಬ್ಲಾಕ್ ಮಾಡಿದರೆ ಕೆಲವು ಆ್ಯಪ್‌ಗಳಲ್ಲಿ ಪ್ರೊಫೈಲೇ ಕಣ್ಮರೆ. ಖಾತೆ ಡಿಲೀಟ್ ಮಾಡಬೇಡಿ, ಸಾಕ್ಷಿಯೂ ಜೊತೆಗೇ ಹೋಗುತ್ತೆ.

ಫೋಟೋ ಈಗಾಗಲೇ ಹೋಗಿದ್ದರೆ ದುಡ್ಡು ಕೊಡಬೇಡಿ. ಕೊಟ್ಟವರ ಹತ್ತಿರ ಮತ್ತೆ ಕೇಳ್ತಾರೆ. ಪೊಲೀಸರಿಗೆ ದೂರು ಕೊಡಿ. 'ಟೇಕ್ ಇಟ್ ಡೌನ್' ಅನ್ನೋ ಉಚಿತ ಸೇವೆ ಇದೆ: ಫೋಟೋ ಫೋನ್ ಬಿಟ್ಟು ಆಚೆ ಹೋಗಲ್ಲ, ಅದರ ಹ್ಯಾಶ್ (ಬೆರಳಚ್ಚಿನಂಥ ಸಂಕೇತ) ಮಾತ್ರ ಹೋಗುತ್ತೆ, ಸೇರಿಕೊಂಡಿರೋ ಜಾಲತಾಣಗಳು ಅದನ್ನಿಟ್ಟು ಹುಡುಕಿ ತೆಗೀತವೆ. ಎಂಡ್ ಟು ಎಂಡ್ ಎನ್‌ಕ್ರಿಪ್ಟ್ ಆದ (ಮಾತಾಡೋರು ಬಿಟ್ಟು ಯಾರಿಗೂ ಓದೋಕಾಗದ) ಚಾಟ್ ಒಳಗೆ ಇದು ನಡೆಯಲ್ಲ. ಕತ್ತರಿಸಿದ, ತಿದ್ದಿದ ಪ್ರತಿ ತಪ್ಪಿಸಿಕೊಳ್ಳಬಹುದು. ಆ ಫೋಟೋನ "ಸಾಕ್ಷಿಗೆ ಇರಲಿ" ಅಂತ ನಿಮ್ಮ ಫೋನಿಗಾಗಲಿ ನೆಂಟರಿಗಾಗಲಿ ಫಾರ್ವರ್ಡ್ ಮಾಡಬೇಡಿ.

ಫೋನ್ ಕಿತ್ಕೋಬೇಡಿ. "ಮನೇಲಿ ಗೊತ್ತಾದ್ರೆ ನಿನ್ನ ಕಥೆ ಮುಗೀತು" ಅನ್ನೋದೇ ಬೆದರಿಸೋನ ಬಂಡವಾಳ.

ಎರಡುಮಕ್ಕಳಮ್ಮ:
ನೋಡಿದೆ, ಗೇಮ್‌ನಲ್ಲಿ ಹುಟ್ಟಿದ ವರ್ಷ 2001 ಅಂತಿದೆ! ಬದಲಾಯಿಸೋಕೆ ಬಿಡ್ತಿಲ್ಲ.

ತಂತಿಜಾಲ:
ಹೆಲ್ಪ್ ವಿಭಾಗದಲ್ಲಿ ಪೋಷಕರ ಇಮೇಲ್‌ನಿಂದ ಬರೆದು ಕೇಳಿ, ಕೆಲವರು ತಿದ್ದಿಕೊಡ್ತಾರೆ. ಆಗದಿದ್ದರೆ ಸರಿಯಾದ ವಯಸ್ಸಿನ ಹೊಸ ಖಾತೆ. ಸ್ಕ್ರೀನ್‌ಶಾಟ್, ರಿಪೋರ್ಟ್ ಮುಗಿಯೋವರೆಗೆ ಹಳೇದನ್ನ ಮುಟ್ಟಬೇಡಿ. ಕೊಂಡ ಸ್ಕಿನ್ನು (ಗೇಮ್ ಪಾತ್ರದ ವೇಷ), ಕಾಯಿನ್ನು ಹೊಸ ಖಾತೆಗೆ ಬರದೇ ಇರಬಹುದು, ಅದನ್ನ ಅವಳಿಗೆ ಮೊದಲೇ ಹೇಳಿಬಿಡಿ; ಇಲ್ಲದಿದ್ದರೆ ವಾರದೊಳಗೆ ಹಳೇ ಖಾತೆಗೇ ವಾಪಸ್ ಹೋಗಿರ್ತಾಳೆ.